ವಾತ್ಸಲ್ಯಕ್ಕೆ ಕರಾರು ಬೇಕೆ?

ಅನ್ಯರ ಮನೆಯಲ್ಲಿ ವಾಸಮಾಡುತ್ತ, ಅವರ ಪಂಕ್ತಿಯಲ್ಲಿಯೇ ಉಣ್ಣುತ್ತ, ಅವರ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದು ಆಡಿಸುತ್ತ, ಅದಕ್ಕೆ ಪ್ರತಿಯಾಗಿ ವಸತಿಯನ್ನೂ ಅಷ್ಟಿಷ್ಟು ಕೈಖರ್ಚಿನ ಹಣವನ್ನೂ ಪಡೆಯುವ ತರುಣಿಯು ಆ ಮನೆಗೆ ಏನಾಗಬೇಕು? ಮಗಳೆ, ಅತಿಥಿಯೆ, ವಿದ್ಯಾರ್ಥಿನಿಯೆ, ಅಥವಾ ಕೆಲಸದವಳೆ? ಓ ಪೇರ್ ಎಂದೂ, ಇಟಲಿಯವರ ಮಾತಿನಲ್ಲಿ ‘ರಗಾತ್ಸಾ ಅಲ್ಲಾ ಪಾರಿ’ ಎಂದೂ ಕರೆಯಿಸಿಕೊಳ್ಳುವ ಇಂಥವರ ವಿಷಯವಾಗಿ 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗಿನಲ್ಲಿ ಆದ ಯುರೋಪಿಯನ್ ಒಡಂಬಡಿಕೆಯು ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನೇ ಕೊಟ್ಟಿತು: ಇವರು ವಿದ್ಯಾರ್ಥಿಗಳೂ ಅಲ್ಲ, ಕಾರ್ಮಿಕರೂ ಅಲ್ಲ, ಎರಡರ ಲಕ್ಷಣಗಳೂ ಉಳ್ಳ ಬೇರೊಂದು ವರ್ಗದವರು. ದಿನಕ್ಕೆ ಐದು ಗಂಟೆ ಮೀರದ ಕೆಲಸ, ವಾರಕ್ಕೊಂದು ಪೂರ್ಣ ವಿರಾಮದ ದಿನ, ಸಾಧ್ಯವಾದಲ್ಲಿ ಪ್ರತ್ಯೇಕವಾದ ಕೋಣೆ, ಭಾಷಾಭ್ಯಾಸಕ್ಕೆ ತಕ್ಕಷ್ಟು ಅವಕಾಶ, ಇವಿಷ್ಟನ್ನೂ ವಿಧಿಸಿ, ಉಭಯರ ಹಕ್ಕುಬಾಧ್ಯತೆಗಳು ಬರವಣಿಗೆಯಲ್ಲಿರತಕ್ಕದ್ದೆಂದು ಸಾರಿದ ಆ ಒಡಂಬಡಿಕೆಯನ್ನು ಇಟಲಿಯೂ ಅಂಗೀಕರಿಸಿತು.

ಮನೆಯವಳಂತೆಯೇ ಇರುವವಳೊಡನೆ ಗಂಟೆಯ ಲೆಕ್ಕವೇಕೆ, ಪ್ರೀತಿಯಿರುವೆಡೆ ಕರಾರುಪತ್ರವೇಕೆ ಎಂದು ಕೇಳುವವರು ಅನೇಕರುಂಟು. ಅವರು ಕಪಟಿಗಳಲ್ಲ. ಇಟಲಿಯ ಸಂಸಾರವು ಪರದೇಶದ ಹುಡುಗಿಗೆ ತೋರುವ ಆದರ ಹೃದಯದಿಂದ ಬಂದುದೇ. ರಾತ್ರಿ ಎಂಟರ ಊಟಕ್ಕೆ ಅವಳ ತಟ್ಟೆಯಿಲ್ಲದೆ ಮೇಜು ಸಜ್ಜಾಗುವುದಿಲ್ಲ. ಆದರೂ ಕರಾರು ಪ್ರೀತಿಗೆ ವಿರೋಧಿಯೆಂಬ ಮಾತನ್ನು ನಾನು ಒಪ್ಪಲಾರೆ. ಪರಗೃಹದಲ್ಲಿ ಪ್ರೀತಿಯು ಕೃತಜ್ಞತೆಯ ಭಾರವಾಗದೆ ಪ್ರೀತಿಯಾಗಿಯೇ ಉಳಿಯಬೇಕಾದರೆ ಕರಾರು ಅತ್ಯಾವಶ್ಯಕವೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಮಿಲಾನಿನಂಥ ನಗರದ ಒಂದು ಸಾಧಾರಣ ದಿನವನ್ನು ನೋಡೋಣ. ಗಂಡಹೆಂಡಿರಿಬ್ಬರೂ ನೌಕರಿಗೆ ಹೊರಡುವ ಮನೆ. ಬೆಳಗ್ಗೆ ಏಳಕ್ಕೆ ಮಕ್ಕಳನ್ನೆಬ್ಬಿಸಿ, ಹಾಲಿನಲ್ಲಿ ಬಿಸ್ಕತ್ತನ್ನು ಅದ್ದಿ ತಿನ್ನುವಷ್ಟರಲ್ಲಿ ಹೊತ್ತು ಮೀರಿಸುವ ಕಿರಿಯವನಿಗೆ ಕಾಲುಚೀಲ ತೊಡಿಸಿ, ಎಂಟೂವರೆಯೊಳಗೆ ಶಾಲೆಯ ಬಾಗಿಲಿಗೆ ಬಿಡಬೇಕು. ಅಲ್ಲಿನ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ಸಂಜೆ ನಾಲ್ಕೂವರೆಗೆ ಬಿಡುತ್ತವೆ. ಅಲ್ಲಿಂದ ಮುಂದೆ ‘ಮೆರೆಂದಾ’ ಎಂಬ ಸಂಜೆಯ ತಿಂಡಿ, ಉದ್ಯಾನ, ಈಜಿನ ತರಗತಿ, ಸ್ನಾನ, ಊಟ. ಮಕ್ಕಳು ಮಲಗುವ ಹೊತ್ತಿಗೆ ಒಂಬತ್ತೂವರೆ. ಯಾರೊಬ್ಬರ ದುರಾಸೆಯೂ ಇಲ್ಲದೆ, ಕೇವಲ ಶಾಲೆ ಕಚೇರಿಗಳ ವೇಳೆಯ ಕಾರಣದಿಂದಲೇ, ಒಡಂಬಡಿಕೆಯ ಐದು ಗಂಟೆ ಆರೂವರೆಯಾಗಿಬಿಡುತ್ತದೆ.

ಈ ದಿನಚರಿಯ ನಡುವೆ ಅಜ್ಜಿ ಇರುತ್ತಾಳೆ. ಇಟಲಿಯ ಗೃಹಕೃತ್ಯದಲ್ಲಿ ‘ನೊನ್ನಾ’ಳ ಸ್ಥಾನ ನಮ್ಮ ಅವಿಭಕ್ತ ಕುಟುಂಬದ ಹಿರಿಯಳದಕ್ಕಿಂತ ಕಡಮೆಯದಲ್ಲ. ಉದ್ಯಾನದಲ್ಲಿ ಓಡಿ ಬಂದ ಮೊಮ್ಮಗನ ಕತ್ತಿನ ಹಿಂಭಾಗಕ್ಕೆ ಅವಳು ಅಂಗೈಯಿಟ್ಟು ನೋಡುತ್ತಾಳೆ. ಬೆವರಿನ ತೇವ ಸೋಕಿತೋ, ಗಾಳಿ ಬಡಿದು ಮಗು ಕಾಯಿಲೆ ಬೀಳುವುದೆಂದು ತಳಮಳಿಸಿ ಒಳಬನಿಯನ್ನು ಬದಲಿಸಲೇಬೇಕೆನ್ನುತ್ತಾಳೆ. ಚಳಿದೇಶದಿಂದ ಬಂದ ಹುಡುಗಿಗೆ ಇದು ನಿರಾಧಾರವಾದ ಭೀತಿಯಾಗಿ ಕಂಡೀತು. ಆದರೆ ಹಾಗೆನ್ನುವ ಸ್ವಾತಂತ್ರ್ಯ ಅವಳಿಗುಂಟೆ? ಮಗಳಾದವಳು ತಾಯಿಯೊಡನೆ ವಾದಿಸಿ, ಮುನಿಸಿಕೊಂಡು, ಬಾಗಿಲನ್ನು ಬಡಿದು ಹೋಗಿ, ಮರುದಿನವೂ ಮಗಳಾಗಿಯೇ ಉಳಿಯುತ್ತಾಳೆ; ಜಗಳವಾಡಿಯೂ ನೆಲೆ ಕಳೆದುಕೊಳ್ಳದಿರುವ ಆ ಅಭಯವೇ ಬಂಧುತ್ವದ ತಿರುಳು. ಮನೆಯವಳಂತೆ ಎಂಬ ಮಾತು ಈ ಹುಡುಗಿಗೆ ಮಗಳ ಕರ್ತವ್ಯಗಳನ್ನೆಲ್ಲ ಹೊರಿಸುತ್ತದೆ, ಆ ಅಭಯವೊಂದನ್ನು ಮಾತ್ರ ಕೊಡಲಾರದು. ರಕ್ತಸಂಬಂಧವು ಕೊಡುವ ಆ ರಕ್ಷೆಯನ್ನು ಆಕೆಗೆ ಕೊಡಬಲ್ಲುದು ಬರೆದಿಟ್ಟ ಮಾತೊಂದೇ.

ಹಿಂದೆ ಮೈಸೂರು ಸೀಮೆಯಲ್ಲಿ ವಾರಾನ್ನವುಂಡು ಓದಿದ ಬಡ ಹುಡುಗರಿಗೂ ಇಂಥದೊಂದು ರಕ್ಷೆಯಿತ್ತು. ಸೋಮವಾರ ಈ ಮನೆ, ಮಂಗಳವಾರ ಆ ಮನೆ ಎಂಬ ಕಟ್ಟು ಇದ್ದುದರಿಂದಲೇ ಹುಡುಗನು ಹೊಸ್ತಿಲಲ್ಲಿ ನಿಂತು ಕರೆಯ ದಾರಿ ಕಾಯದೆ ನೇರವಾಗಿ ಎಲೆಯ ಮುಂದೆ ಕೂರಬಲ್ಲವನಾಗಿದ್ದನು.

ಭಾಷೆಯ ಪ್ರಶ್ನೆ ಇನ್ನಷ್ಟು ತೊಡಕಿನದು. ಹುಡುಗಿ ಬರುವುದು ಇಟಾಲಿಯನ್ ಕಲಿಯಲೆಂದು. ಇಂದಿನ ಎಷ್ಟೋ ತಂದೆತಾಯಿಗಳು ಅವಳನ್ನು ಕರೆಸಿಕೊಳ್ಳುವುದು ಮಕ್ಕಳಿಗೆ ಇಂಗ್ಲಿಷ್ ಬರಲೆಂದು. ಆದುದರಿಂದ ಹಸಿದ ಮಗು ‘ಓ ಫಾಮೆ’ ಎಂದು ತನ್ನ ನುಡಿಯಲ್ಲಿ ಬೇಡಿದಾಗ ಅವಳು ತಿಳಿಯದವಳಂತೆ ನಟಿಸಿ, ಅದೇ ಮಾತು ಇಂಗ್ಲಿಷಿನಲ್ಲಿ ಬರುವವರೆಗೆ ರೊಟ್ಟಿಯನ್ನು ಹಿಡಿದು ನಿಲ್ಲಬೇಕಾಗುತ್ತದೆ. ಮನೆಯೊಳಗೆ ಹೆಚ್ಚು ಹೊತ್ತು ಇದ್ದಷ್ಟೂ ತಾನು ಬಂದ ಉದ್ದೇಶದಿಂದ ಆಕೆ ದೂರವಾಗುವಳಾದರೆ, ಮಕ್ಕಳು ಶಾಲೆಯಲ್ಲಿರುವ ಬೆಳಗಿನ ಹೊತ್ತಿನ ಆ ಭಾಷಾತರಗತಿಯು ಯಾರೋ ಕೊಟ್ಟ ಅನುಗ್ರಹವಲ್ಲ, ವಿನಿಮಯದಲ್ಲಿ ಆಕೆಗೆ ಸಲ್ಲತಕ್ಕ ಅರ್ಧಭಾಗ. ಕಿರಿಯವನಿಗೆ ಜ್ವರ ಬಂತೆಂದು ಅದನ್ನು ಮೇಲಿಂದ ಮೇಲೆ ತಪ್ಪಿಸುವುದು ಋಣವನ್ನು ತೀರಿಸದಿದ್ದಂತೆ.

ಇಟಲಿಗೆ ಈ ವಿಚಾರ ಹೊಸದಲ್ಲ. ವೆನೆತೊ, ಫ್ರಿಯುಲಿ ಪ್ರಾಂತಗಳ ಬಡ ಹುಡುಗಿಯರು ತಲೆಮಾರುಗಳ ಕಾಲ ಮಿಲಾನ್, ರೋಮ್‌ಗಳ ಮನೆಗಳಿಗೆ ಊಳಿಗಕ್ಕೆ ಹೋದವರು. ಮನೆಯವಳಂತೆ ಎಂಬ ಮಾತು ಅವರಿಗೂ ಅಪರಿಚಿತವಾಗಿರಲಿಲ್ಲ. ಆದರೂ ವಾರದ ವಿರಾಮವನ್ನೂ ರಾತ್ರಿ ಎಡೆಬಿಡದ ಎಂಟು ಗಂಟೆಯ ವಿಶ್ರಾಂತಿಯನ್ನೂ ಹಕ್ಕೆಂದು ಬರೆದುಕೊಡಲು 1958ರ ಕಾನೂನು ಬೇಕಾಯಿತು. ಗೃಹಕಾರ್ಮಿಕರನ್ನು ಕುರಿತು 2011ರಲ್ಲಿ ಜಿನೀವಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಇಟಲಿ 2013ರಲ್ಲಿ ಸ್ಥಿರೀಕರಿಸಿತು. ಕಾರ್ಮಿಕಳೆಂದು ಎಣಿಸಲ್ಪಡದ ನಮ್ಮ ಹುಡುಗಿಗಾದರೋ ಆ ಕೊಡೆಯ ಆಶ್ರಯವೂ ಪೂರ್ತಿಯಾಗಿ ಇಲ್ಲ.

ಲೆಕ್ಕವಿಟ್ಟರೆ ಮಮತೆ ತಣ್ಣಗಾಗುವುದೆಂಬ ಭಯಕ್ಕೆ ಉತ್ತರ ಅನುಭವದಲ್ಲಿಯೇ ಇದೆ. ತನ್ನ ಹೊತ್ತು ಮುಗಿದಿದೆಯೆಂದು ಬಲ್ಲ ಹುಡುಗಿ, ಹೊರಗೆ ಹೋಗಬಹುದಾಗಿದ್ದೂ ಹೋಗದೆ, ಮಗುವಿನ ಹಾಸಿಗೆಯ ಅಂಚಿನಲ್ಲಿ ಕುಳಿತು ಇನ್ನೊಂದು ಕಥೆ ಹೇಳಿದರೆ ಅದು ಕೊಡುಗೆ. ಮಗುವಿಗೂ ಅದು ತಿಳಿಯುತ್ತದೆ.

ಈ ವಿವೇಕಕ್ಕೆ ನಿಜವಾದ ಪರೀಕ್ಷೆ ಆಗಸ್ಟ್ ತಿಂಗಳಿನಲ್ಲಿ. 15ನೆಯ ತಾರೀಖಿನ ‘ಫೆರ್ರಾಗೋಸ್ತೊ’ ಹಬ್ಬದ ಆಚೀಚೆ ನಗರಗಳು ಬರಿದಾಗಿ, ಸಂಸಾರಗಳು ಲಿಗೂರಿಯಾದ ತೀರಕ್ಕೋ ರಿಮಿನಿಯ ಮರಳಿಗೋ ಹೋಗುವಾಗ ಅವಳನ್ನೂ ಕರೆದೊಯ್ಯುತ್ತವೆ, ಆಕೆಗೂ ಇದು ರಜೆಯೆಂದು ಮನಸಾರೆ ನಂಬಿ. ಅಲ್ಲಿ ಬಾಡಿಗೆಯ ಮನೆ ಚಿಕ್ಕದು, ಅವಳ ಮಂಚ ಮಕ್ಕಳ ಕೋಣೆಯಲ್ಲಿ; ಭಾಷಾಶಾಲೆಯಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಮಧ್ಯಾಹ್ನದ ಊಟ ಅರಗುವ ಮುನ್ನ ನೀರಿಗಿಳಿಯಬಾರದೆಂಬ ನಿಷೇಧ ಆ ದೇಶದಲ್ಲಿ ಶಾಸ್ತ್ರದಷ್ಟೇ ಬಿಗಿಯಾದುದಾಗಿ, ಸಮುದ್ರವನ್ನು ಕಣ್ಣೆದುರಿಗಿಟ್ಟುಕೊಂಡು ಚಡಪಡಿಸುವ ಮಕ್ಕಳನ್ನು ಕೊಡೆಯ ನೆರಳಿನಲ್ಲಿ ಎರಡು ಮೂರು ಗಂಟೆ ಹಿಡಿದಿಡುವ ಕೆಲಸ ಯಾರೂ ಹೇಳದೆಯೇ ಅವಳ ಪಾಲಿಗೆ ಬರುತ್ತದೆ. ಆ ಗಂಟೆಗಳು ತಾಯಿಯವೊ, ಅಜ್ಜಿಯವೊ, ಅವಳವೊ ಎಂಬುದನ್ನು ತೀರಕ್ಕೆ ಹೋದ ಮೇಲೆ ಮುಖ ನೋಡಿ ನಿರ್ಣಯಿಸುವುದಲ್ಲ, ಜುಲೈ ತಿಂಗಳಿನಲ್ಲಿಯೇ, ಎಲ್ಲರೂ ಮೇಜಿನ ಸುತ್ತ ಕುಳಿತಿರುವಾಗ, ಕಾಗದದ ಮೇಲೆ ಬರೆದುಕೊಳ್ಳಬೇಕು.