ಮನೆವಾರ್ತೆ: ಬೆದರುವ ನಾಯಿಗೆ ನಾರುಬೇರು

ಧಾರಾವಿಯ ಸೋದರಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: “ನಮ್ಮ ನಾಯಿ ಪಟಾಕಿಯ ಸದ್ದಿಗೆ ಗಡಗಡನೆ ನಡುಗುತ್ತದೆ. ಗಣಪತಿಯ ಮೆರವಣಿಗೆಯ ಡೋಲು ಕೇಳಿದರೆ ಮಂಚದ ಕೆಳಗೆ ಸೇರಿ ದಿನವಿಡೀ ಅನ್ನ ಮುಟ್ಟುವುದಿಲ್ಲ. ಹೋದ ದೀಪಾವಳಿಯಲ್ಲಿ ಅದನ್ನು ಎತ್ತಿಕೊಳ್ಳಹೋದ ಮಗಳ ಕೈಗೆ ಹಲ್ಲು ಹಾಕಿತು. ಈ ಸಲವೂ ಹೀಗಾದರೆ ಎಲ್ಲಾದರೂ ದೂರ ಬಿಟ್ಟುಬರೋಣವೆಂದು ಮನೆಯವರು ಹೇಳುತ್ತಿದ್ದಾರೆ. ನಾಯಿಗಳ ಅಂಜಿಕೆ ಇಳಿಸುವ ಗಿಡಮೂಲಿಕೆಯ ಪುಡಿ, ಹನಿ, ಬಿಸ್ಕತ್ತು ಅಂಗಡಿಗೆ ಬಂದಿವೆಯಂತೆ. ಕೊಡಬಹುದೇ?”

ಪತ್ರದಲ್ಲಿ ಮೂರು ಮಾತುಗಳಿವೆ: ಮಗಳ ಕೈ, ನಾಯಿಯ ಭಯ, ಅಂಗಡಿಯ ಪುಡಿ. ಪುಡಿಯ ಮಾತು ಸ್ವಲ್ಪ ತಡೆಯಲಿ. ಮೊದಲು ಮಗಳ ಕೈಯ ವಿಚಾರ.

ನಾಯಿಯ ಹಲ್ಲು ತಾಗಿ ಚರ್ಮ ತರಚಿದ್ದರೂ ಸರಿಯೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಇವನ್ನು ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಧಾರಾವಿಯವರಿಗೆ ಸಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆ ಹತ್ತಿರವೇ ಇದೆ. ನಾಯಿ ನಮ್ಮದೇ, ಅದಕ್ಕೆ ಲಸಿಕೆ ಹಾಕಿಸಿದ್ದೇವೆ ಎಂದು ನಾವೇ ತೀರ್ಮಾನಿಸಿಕೊಳ್ಳದೆ ನಿರ್ಧಾರವನ್ನು ವೈದ್ಯರಿಗೆ ಬಿಡುವುದು ಲೇಸು. ಕಚ್ಚುವಾಗ ಜೊಲ್ಲಿನಲ್ಲಿ ಹುಚ್ಚಿನ ವಿಷಾಣುವಿದ್ದ ನಾಯಿ ಸಾಮಾನ್ಯವಾಗಿ 10 ದಿನಗಳೊಳಗೆ ರೋಗ ತೋರಿಸಿ ಸಾಯುತ್ತದೆ. ಈ ಸೋದರಿಯ ನಾಯಿ ಇಷ್ಟು ತಿಂಗಳು ಗಟ್ಟಿಮುಟ್ಟಾಗಿರುವುದರಿಂದ ಆ ಕಡಿತದ ಮಟ್ಟಿಗೆ ನೆಮ್ಮದಿಯಾಗಿರಬಹುದು. ಆದರೆ ಮುಂದೆ ಎಂದಾದರೂ ಇಂಥದು ನಡೆದರೆ, 10 ದಿನ ನೋಡಿ ಆಮೇಲೆ ಚುಚ್ಚುಮದ್ದು ಎಂದು ಕಾಯುತ್ತ ಕೂಡಬಾರದು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸದ್ದುಗದ್ದಲವೇನೂ ಇಲ್ಲದೆ ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ, ಎಂದರೆ ಕತ್ತಲಲ್ಲಿ ಅವಿತರೆ, ಬೊಗಳುವ ದನಿ ಬೇರೆಯಾದರೆ, ಜೊಲ್ಲು ಸುರಿದರೆ, ನುಂಗಲು ಕಷ್ಟಪಟ್ಟರೆ, ಅದನ್ನು ಅಂಜುಬುರುಕತನವೆಂದು ತಿಳಿದು ಬಾಯಿಗೆ ಮದ್ದು ಹಾಕಲು ಹೋಗಬೇಡಿರಿ. ದೂರವಿದ್ದು ಪಶುವೈದ್ಯರಿಗೆ ತಿಳಿಸಿರಿ.

ಇನ್ನು ಭಯದ ಮಾತು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದು ಕೇಳಿಸಿದರೆ ನಾಯಿಯ ಕಿವಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ನಮಗೆ ಸದ್ದೇ ಅಲ್ಲದ್ದು ಅದಕ್ಕೆ ಸದ್ದು. ಪಟಾಕಿ ಸಿಡಿಯುವಲ್ಲಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬೆಲ್ ಮೀರಬಾರದೆಂದು ಕಾನೂನು ಮಿತಿ ಹಾಕಿದೆ. ಆದರೆ ಧಾರಾವಿಯ ಎಷ್ಟೋ ಗಲ್ಲಿಗಳಲ್ಲಿ ಎದುರುಬದುರಿನ ಎರಡು ಬಾಗಿಲುಗಳ ನಡುವೆ 4 ಅಡಿಯೂ ಇಲ್ಲ! ಮೇಲೆ ತಗಡಿನ ಮಾಡು, ಪಕ್ಕದಲ್ಲಿ ತಗಡಿನ ಗೋಡೆ. ಒಂದು ಸದ್ದು ನಾಲ್ಕಾಗಿ ಮರಳುತ್ತದೆ. ಸುಪ್ರೀಂ ಕೋರ್ಟು 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ವೇಳೆಯನ್ನು ಗೊತ್ತುಮಾಡಿತು; ಗಲ್ಲಿಯ ಹುಡುಗರು ಗಡಿಯಾರ ನೋಡಿ ಪಟಾಕಿ ಹಚ್ಚುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ.

ಭಯ ಒಮ್ಮೆ ನೆಲೆಗೊಂಡರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ರಷ್ಯದ ಪಾವ್ಲೊವ್ ಅವರ ನಾಯಿಗಳ ಕಥೆಯೇ ಸಾಕ್ಷಿ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ನೆರೆ ಬಂದು, ಪ್ರಯೋಗಶಾಲೆಯ ಗೂಡುಗಳಲ್ಲಿದ್ದ ನಾಯಿಗಳು ಮುಳುಗುವ ಸ್ಥಿತಿಗೆ ಬಂದವು. ಕೆಲಸದವರು ಅವನ್ನು ಈಜಿಸಿ ಹೊರಗೆ ತಂದರು. ನಾಯಿಗಳು ಬದುಕಿದುವು, ಆದರೆ ಅವುಗಳಲ್ಲಿ ಕೆಲವು ಮೊದಲಿನಂತೆ ಉಳಿಯಲಿಲ್ಲ, ಕಲಿತದ್ದನ್ನೂ ಮರೆತಿದ್ದುವು. ತಿಂಗಳುಗಳ ತರುವಾಯ ಕೋಣೆಯ ಬಾಗಿಲ ಕೆಳಗಿನಿಂದ ಒಂದಿಷ್ಟು ನೀರು ಹರಿಯಬಿಟ್ಟದ್ದೇ ತಡ, ಹಳೆಯ ಭಯವೆಲ್ಲ ಮರುಕಳಿಸಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ನದಿ ಉಕ್ಕಿದ್ದನ್ನು ಕಂಡ ಮುಂಬಯಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಎಷ್ಟೋ ವರ್ಷ ಜೋರು ಮಳೆ ಬಂದಾಗ ನಮ್ಮ ಎದೆಯೂ ಡವಗುಟ್ಟಲಿಲ್ಲವೆ? ನಾಯಿಯದು ಹಟವಲ್ಲ, ನೆನಪು.

ಅಂಥ ನಾಯಿಗಳಿಗೆ ಪಾವ್ಲೊವ್ ಬ್ರೋಮೈಡ್ ಕೊಟ್ಟು ನೋಡಿದರು. ಒಂದೇ ಪ್ರಮಾಣ ಎಲ್ಲ ನಾಯಿಗಳಿಗೂ ಒಗ್ಗದು, ಗಟ್ಟಿ ಸ್ವಭಾವದ ನಾಯಿಗೆ ಹಿತವಾದದ್ದು ಮೆತ್ತನೆಯದಕ್ಕೆ ಅತಿಯಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಡಬ್ಬಿಯ ಮೇಲಿನ ಅಳತೆಯನ್ನು ಕಣ್ಣುಮುಚ್ಚಿ ನಂಬುವವರು ಇದನ್ನು ಮನದಲ್ಲಿಡತಕ್ಕದ್ದು.

ಈಗ ಪುಡಿಯ ಮಾತಿಗೆ ಬರೋಣ. ಇಂಥ ಪದಾರ್ಥಗಳನ್ನು ಬಹುಮಟ್ಟಿಗೆ ಔಷಧಿಯೆಂದು ಮಾರದೆ ಪೂರಕ ಆಹಾರವೆಂದು ಮಾರುತ್ತಾರೆ. ಆದಕಾರಣ ಔಷಧಿಗೆ ಬೇಕಾದಷ್ಟು ಬಿಗಿಯಾದ ರುಜುವಾತನ್ನು ಇವುಗಳಿಂದ ಯಾರೂ ಕೇಳುವುದಿಲ್ಲ. ಒಳಗಿರುವ ವಸ್ತುಗಳಲ್ಲಿ ಕೆಲವು ನಮಗೆ ಪರಿಚಿತವಾದುವೇ. ಅಶ್ವಗಂಧ, ನಮ್ಮ ಕಡೆ ಹಿರೇಮದ್ದು ಎನ್ನುವುದು, ನಾಯಿಗಳ ಮೇಲೆ ಸಣ್ಣ ಪ್ರಮಾಣದಲ್ಲಿ ಪರೀಕ್ಷೆಗೊಂಡು ಒಂದಿಷ್ಟು ಆಶೆ ಹುಟ್ಟಿಸಿದೆ, ಅಷ್ಟೆ. ಹಿಮಾಲಯದ ತಗರದ ಬೇರು ಮನುಷ್ಯರಿಗೆ ನಿದ್ದೆಯ ಮದ್ದೆಂದು ಹಳೆಯ ಕಾಲದಿಂದ ಹೆಸರು ಪಡೆದಿದೆ. ಅದೇ ಬಳಗದ ಬೇರು ಬೆಕ್ಕಿಗೆ ಅಮಲೇರಿಸಿ ಕುಣಿಸುತ್ತದೆ. ಒಂದು ಪ್ರಾಣಿಗೆ ತಂಪಾದದ್ದು ಇನ್ನೊಂದಕ್ಕೂ ತಂಪೇ ಎಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಹಾಲಿನ ಪ್ರೋಟೀನಿನಿಂದ ತೆಗೆದ ಒಂದು ಅಂಶವನ್ನೂ ಚಹಾ ಎಲೆಯಲ್ಲಿರುವ ಥಿಯನೀನ್ ಎಂಬುದನ್ನೂ ನಾಯಿಗಳಿಗೆ ಕೊಟ್ಟು ಪರೀಕ್ಷಿಸಿದ್ದಾರೆ. ಹಾಗೆಂದು ನಾಯಿಗೆ ಚಹಾ ಕುಡಿಸಬಾರದು: ಅದರಲ್ಲಿರುವ ಕೆಫೀನು ನಾಯಿಯ ಎದೆಬಡಿತವನ್ನು ಏರಿಸಿ ಕೆಡುಕು ಮಾಡುತ್ತದೆ. ಲ್ಯಾವೆಂಡರ್ ಹೂವಿನ ಪರಿಮಳದ ಮಾತನ್ನೂ ಹೇಳಬೇಕು. ಕಾರಿನಲ್ಲಿ ಹೋಗುವಾಗ ಚಡಪಡಿಸುವ 32 ನಾಯಿಗಳ ಮೇಲೆ ಬೆಲ್‌ಫಾಸ್ಟಿನ ಡೆಬೊರಾ ವೆಲ್ಸ್ ಅದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ನಾಯಿಗಳು ಹೆಚ್ಚು ಹೊತ್ತು ಕುಳಿತು ವಿಶ್ರಮಿಸಿದುವು. ಆದರೆ ಅದು ಮೂಸುವ ಪರಿಮಳ. ಆ ಎಣ್ಣೆಯನ್ನು ನಾಯಿ ನೆಕ್ಕುವಂತಾಗಬಾರದು.

ಇವೆಲ್ಲವನ್ನೂ ತೂಗಿ ನೋಡಿದ ಸಮೀಕ್ಷೆಯೊಂದಿದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫಾನಿ ರೀಮರ್ ಪಟಾಕಿಯ ಭಯದ ಬಗ್ಗೆ 1,225 ನಾಯಿಗಳ ಒಡೆಯರನ್ನು ಪ್ರಶ್ನಿಸಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ಗಿಡಮೂಲಿಕೆ, ಪೂರಕ ಆಹಾರ, ಹೋಮಿಯೋಪತಿ ಮೊದಲಾದುವುಗಳಿಂದ ಗುಣ ಕಂಡಿತೆಂದವರು ನೂರಕ್ಕೆ 27ರಿಂದ 35 ಮಂದಿ. ಬರಿಯ ನಂಬಿಕೆಯಿಂದಲೂ ಅಷ್ಟು ಮಂದಿಗೆ ಗುಣ ಕಂಡೀತೆಂದು ಅವರ ಅಭಿಪ್ರಾಯ. ಪಶುವೈದ್ಯರು ಬರೆದುಕೊಟ್ಟ ಔಷಧಿಯಿಂದ ಗುಣ ಕಂಡವರು ನೂರಕ್ಕೆ ಸುಮಾರು 69. ಎಲ್ಲಕ್ಕಿಂತ ಮೇಲೆ ನಿಂತದ್ದು ಯಾವುದು ಗೊತ್ತೆ? ಪ್ರತಿಯೊಂದು ಸದ್ದಿನ ಹಿಂದೆಯೇ ನಾಯಿಗೆ ಇಷ್ಟವಾದ ತಿನಿಸು ಕೊಡುವುದು ಅಥವಾ ಆಟವಾಡಿಸುವುದು: ನೂರಕ್ಕೆ 70ಕ್ಕೂ ಮೇಲೆ! ಇದಕ್ಕೆ ಅಂಗಡಿಗೆ ಹೋಗುವ ಅಗತ್ಯವಿಲ್ಲ.

ಅಂಗಡಿಯ ಪುಡಿಗಿಂತ ನನಗೆ ಹೆಚ್ಚು ಭಯವಿರುವುದು ನಮ್ಮ ಅಡುಗೆಮನೆಯ ಡಬ್ಬಿಯ ಬಗ್ಗೆ. ರಾತ್ರಿ ಅಳುವ ಕೂಸಿಗೆ ಜಾಯಿಕಾಯಿ, ಬಜೆ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಹಳೆಯದು. “ಕೂಸಿಗೆ ಆದದ್ದು ನಾಯಿಗೆ ಆಗದೆ?” ಎಂದು ಅಜ್ಜಿಯಂದಿರು ಕೇಳಿಯಾರು. ಆಗದು. ಜಾಯಿಕಾಯಿ ಹೆಚ್ಚಾದರೆ ನಾಯಿಗೆ ಭ್ರಮೆ, ಎದೆಬಡಿತ, ನಡುಕ ಉಂಟಾಗುತ್ತವೆ. ಎಂದರೆ ಯಾವುದನ್ನು ತಡೆಯಬೇಕೆಂದಿದ್ದೆವೋ ಅದೇ! ಬಜೆಯ ಎಣ್ಣೆಯಲ್ಲಿಯೂ ಕೆಡುಕಿದೆಯೆಂದು ಅಮೆರಿಕದಲ್ಲಿ ಅದನ್ನು 1968ರಲ್ಲಿಯೇ ಆಹಾರದಿಂದ ನಿಷೇಧಿಸಿದರು. ಭಂಗಿ ತಿಂದ ನಾಯಿ ಶಾಂತವಾಗಿ ಮಲಗಿದಂತೆ ಕಂಡರೂ ಅದು ವಿಷವೇರಿದ ಸ್ಥಿತಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ, ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ, ಚಾಕೊಲೇಟು ಹೃದಯಕ್ಕೆ. ನಮ್ಮ ನಿದ್ದೆಮಾತ್ರೆ, ತಲೆನೋವಿನ ಮಾತ್ರೆಗಳಂತೂ ಸರ್ವಥಾ ಕೂಡದು.

ಹಾಗಾದರೆ ಹತ್ತಡಿ ಖೋಲಿಯಲ್ಲಿ ಮಾಡಬಹುದಾದದ್ದೇನು? ಬೇಕಾದಷ್ಟಿದೆ.

ಹಬ್ಬಕ್ಕೆ ಕೆಲವು ವಾರ ಮುಂಚಿನಿಂದಲೇ ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಅತಿ ಮೆಲ್ಲಗೆ, ನಾಯಿ ಕಿವಿ ನಿಮಿರಿಸಿದರೂ ಹೆದರದಷ್ಟು ಮೆಲ್ಲಗೆ, ಹಾಕಿ ಜೊತೆಗೆ ತಿನಿಸು ಕೊಡಿರಿ. ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಏರಿಸಿರಿ. ಹೆದರಿತೋ, ಒಂದು ಮೆಟ್ಟಿಲು ಹಿಂದೆ ಬನ್ನಿರಿ.

ಮಂಚದ ಕೆಳಗೆ ಗೋಣಿತಾಟು ಹಾಸಿ, ಸುತ್ತಲೂ ಕೌದಿ ಇಳಿಬಿಟ್ಟು ಗುಹೆಯಂತೆ ಮಾಡಿಕೊಡಿರಿ. ಊರಿನಿಂದ ತಂದ ಹಳೆಯ ಕೌದಿಗಿಂತ ಉತ್ತಮವಾದ ಪರದೆ ಇದಕ್ಕಿಲ್ಲ. ನೀರಿನ ಬಟ್ಟಲು ಅಲ್ಲಿಯೇ ಇರಲಿ. ಫ್ಯಾನು, ರೇಡಿಯೋ ನಡೆಯುತ್ತಿರಲಿ.

ಸಂಜೆ ಕತ್ತಲಾಗುವ ಮುನ್ನವೇ ತಿರುಗಾಡಿಸಿ ಉಣಿಸಿ ಒಳಗೆ ತನ್ನಿರಿ. ಬಾಗಿಲು ಭದ್ರವಾಗಿರಲಿ, ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇರಲಿ. ಹಬ್ಬದ ರಾತ್ರಿ ಬೆದರಿ ಓಡಿದ ನಾಯಿ 90 ಫೂಟ್ ರಸ್ತೆಯ ವಾಹನಗಳ ನಡುವೆ ಸಿಕ್ಕಿಕೊಂಡರೆ ಯಾವ ಪುಡಿಯೂ ಕಾಪಾಡದು.

ಹೆದರಿ ಹತ್ತಿರ ಬಂದ ನಾಯಿಯನ್ನು ಧಾರಾಳವಾಗಿ ತಡವಿರಿ. ಮುದ್ದಿಸಿದರೆ ಭಯ ಹೆಚ್ಚುತ್ತದೆಂಬುದು ಹಳೆಯ ತಪ್ಪು ತಿಳಿವಳಿಕೆ. ಆದರೆ ಅಡಗಿದ ನಾಯಿಯನ್ನು ಹೊರಗೆ ಎಳೆಯಕೂಡದು. ಇದನ್ನು ಮಕ್ಕಳಿಗೆ ಒತ್ತಿ ಹೇಳಿರಿ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ಹೆದರಿದ ನಾಯಿಗೆ ಸಲ್ಲದು. ಮೂಲೆ ಸೇರಿದ ನಾಯಿ ಬೊಗಳದೆಯೂ ಕಚ್ಚೀತು, ಬೊಗಳಿಯೂ ಕಚ್ಚೀತು. ಆ ಸೋದರಿಯ ಮಗಳ ಕೈಗೆ ಹಲ್ಲು ತಾಗಿದ್ದು ಹೀಗೆಯೇ ಇರಬೇಕು. ನಾಯಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ.

ಕೆಲವರು ಊರಿನಿಂದ ಮುಧೋಳದ ಮರಿಯನ್ನು ಅಕ್ಕರೆಯಿಂದ ತರುತ್ತಾರೆ. ಅದು ಬಯಲಿನಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಜಾತಿ. ಓಟವಿಲ್ಲದೆ ಕಟ್ಟಿಹಾಕಿದರೆ ಚಡಪಡಿಸದೆ ಏನು ಮಾಡೀತು? ಅದಕ್ಕೆ ಬೇಕಾದದ್ದು ಬೇರಲ್ಲ, ಬೆಳಗಿನ ಓಟ. ಇನ್ನು ವಯಸ್ಸಾದ ನಾಯಿ ಹೊಸದಾಗಿ ಸದ್ದಿಗೆ ಬೆಚ್ಚತೊಡಗಿದರೆ ಕೀಲುನೋವು ಇದೆಯೇ ಎಂದು ವೈದ್ಯರಿಂದ ನೋಡಿಸುವುದು ಅವಶ್ಯ. ನೋವಿಗೂ ಸದ್ದಿನ ಭಯಕ್ಕೂ ನಂಟಿದೆ.

ಇಷ್ಟೆಲ್ಲ ಮಾಡಿದರೂ ನಡುಕ ನಿಲ್ಲದಿದ್ದರೆ ಪರೇಲಿನ ಬಾಯಿ ಸಕರಬಾಯಿ ದಿನ್ಶಾ ಪೇಟಿಟ್ ಪ್ರಾಣಿಗಳ ಆಸ್ಪತ್ರೆಯಂಥ ಕಡೆ ತೋರಿಸಿರಿ. ಹಬ್ಬದ ಹಿಂದಿನ ದಿನ ಓಡಬೇಡಿರಿ, ಎರಡು ಮೂರು ವಾರ ಮುಂಚೆ ಹೋಗಿರಿ. ಸದ್ದಿನ ಭಯಕ್ಕೆಂದೇ ಮಾಡಿದ ಔಷಧಿಗಳು ಈಗ ಇವೆ. ಹಳೆಯ ಕೆಲವು ಔಷಧಿಗಳು ಮೈಯನ್ನು ಮಾತ್ರ ಮರಗಟ್ಟಿಸಿ ಭಯವನ್ನು ಒಳಗೆ ಹಾಗೆಯೇ ಉಳಿಸುತ್ತಿದ್ದುವು; ನಾಯಿ ಸುಮ್ಮನೆ ಬಿದ್ದಿದೆಯೆಂದು ನಾವು ಸಮಾಧಾನಪಡುತ್ತಿದ್ದೆವು. ಸುಮ್ಮನಿರುವುದೇ ಬೇರೆ, ಸಮಾಧಾನವೇ ಬೇರೆ. ಗಿಡಮೂಲಿಕೆಯ ಪುಡಿಯನ್ನು ಕೊಡಲೇಬೇಕೆಂದಿದ್ದರೆ ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ನಾಯಿಯ ತೂಕ, ಬೇರೆ ಔಷಧಿ, ಗರ್ಭ ಇವನ್ನೆಲ್ಲ ತಿಳಿಸಿ ಆಮೇಲೆ ಕೊಡಿರಿ.

ಕಡೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾನೂನಿನ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ. ಮನೆಯೊಳಗಿನ ಸದ್ದಿಗೇ ನಡುಗುವ ಪ್ರಾಣಿ ಗೊತ್ತಿಲ್ಲದ ಗಲ್ಲಿಯಲ್ಲಿ, ಬೇರೆ ನಾಯಿಗಳ ನಡುವೆ ಒಂದು ದೀಪಾವಳಿಯನ್ನು ಹೇಗೆ ಕಳೆದೀತು ಎಂದು ತಾವೇ ಯೋಚಿಸಬೇಕು. ಮೈಲಾರಲಿಂಗನಿಗೆ ನಡೆದುಕೊಳ್ಳುವ ನಮ್ಮ ಮನೆತನಗಳಲ್ಲಿ ನಾಯಿಗೆ ದೇವರ ಪರಿವಾರದಲ್ಲಿಯೇ ಸ್ಥಾನವಿದೆ. ಈ ಹಬ್ಬಕ್ಕೆ ಅದಕ್ಕೆ ಮಂಚದ ಕೆಳಗೆ ಮೂರಡಿ ಜಾಗ, ಒಂದು ಕೌದಿ, ಪ್ರತಿ ಸದ್ದಿಗೂ ಒಂದು ಚೂರು ರೊಟ್ಟಿ ಕೊಟ್ಟು ನೋಡಿರಿ. ಫಲವನ್ನು ಮುಂದಿನ ಸಂಚಿಕೆಗೆ ಬರೆದು ತಿಳಿಸಿದರೆ ಉಳಿದ ಓದುಗರಿಗೂ ಉಪಕಾರವಾದೀತು.