ಮುಂದು ಹಿಂದಿಲ್ಲದ ದೋಣಿ
ಕೊಡಗಿನಲ್ಲಿ ದೋಣಿ ಎಂದರೆ ಈಗ ಬರಪೊಳೆಯ ರಬ್ಬರ್ ರ‍್ಯಾಫ್ಟು, ದುಬಾರೆಯ ಟಿಕೆಟ್ಟು, ಅಷ್ಟೇ. ಆದರೆ ಒಂದು ದಿನ ಊರಿನ ಹಿರಿಯರೊಬ್ಬರನ್ನು ಜತೆಗಿಟ್ಟುಕೊಂಡು ಕಾವೇರಿ ದಂಡೆ ಹಿಡಿದು ನಡೆದು ನೋಡಿ. ಕನ್ನಿಕೆ, ಸುಜ್ಯೋತಿ ಬಂದು ಸೇರುವ ಭಾಗಮಂಡಲದಲ್ಲಿ ಮಳೆಗಾಲದ ರಸ್ತೆ ಹೊಳೆಯಾಗುವುದು ವಾಡಿಕೆ. ಮೇಲ್ಸೇತುವೆ ಬರುವ ಮುಂಚೆ ಅಂಥ ದಿನಗಳಲ್ಲಿ ದೋಣಿಯೇ ಬಸ್ಸು. ಬಲಮುರಿಗೆ ಬಂದರೆ ಹಿರಿಯರು ಹಳೆಯ ಕಥೆ ತೆಗೆಯುತ್ತಾರೆ: ಇಲ್ಲಿ ನದಿ ಬಲಕ್ಕೆ ತಿರುಗಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಬೆನ್ನಿಗೆ ಸರಿಯಿತಂತೆ. ಕೊಡವತಿಯರು ಇಂದಿಗೂ ಹಾಗೇ ಉಡುತ್ತಾರೆ. ಇನ್ನು ಹರಿಗೋಲು: ಬಿದಿರು ಹೆಣೆದ ಈ ಬುಟ್ಟಿಗೆ ಮುಂದು ಹಿಂದು ಇಲ್ಲ. ಹುಟ್ಟನ್ನು ಪಕ್ಕಕ್ಕಲ್ಲ, ಎದುರಿಗೆ ಇಳಿಸಿ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ನಾನು ಪಕ್ಕಕ್ಕೆ ಹಾಕಿ ಮೂರು ಸುತ್ತು ಗಿರಕಿ ಹೊಡೆದೆ. ದಡದ ಎಮ್ಮೆ ಕೂಡ ಮೆಲುಕು ನಿಲ್ಲಿಸಿ ನೋಡಿತು.