ಬಿಡುವಿನ ವೇಳೆ: ಗೊರಗುಟ್ಟುವ ಪೆಟ್ಟಿಗೆ

ಕಳೆದ ಸಂಚಿಕೆಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ವಿಷಯ ಬರೆದಿದ್ದೆವಷ್ಟೆ. ಅದನ್ನು ಓದಿ ಪುಣೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮನೆಯಲ್ಲಿ ಹನ್ನೆರಡು ವರ್ಷದ ಹಳೆಯ ಕಂಪ್ಯೂಟರು ಒಂದಿದೆ. ಮಗಳ ಓದು, ಮನೆಯ ಲೆಕ್ಕ, ಊರಿನವರ ಮುಖ ನೋಡಿ ಮಾತಾಡುವುದು, ಎಲ್ಲವೂ ಅದರಲ್ಲೇ. ಅದನ್ನಿಡಲು ಹಜಾರ ಬಿಟ್ಟರೆ ಬೇರೆ ಜಾಗವಿಲ್ಲ. ಈಚೆಗೆ ಹುಬ್ಬಳ್ಳಿಯಿಂದ ಮಾವನವರು ಬಂದು ಇವರಲ್ಲೇ ನೆಲೆಸಿದ್ದಾರೆ. ಅವರು ಕಿವಿಗೆ ಯಂತ್ರ ಹಾಕುವವರು. ಕಂಪ್ಯೂಟರು ಶುರುವಾಯಿತೆಂದರೆ ಅದರ ಗೊರಗೊರ ಸದ್ದೇ ಕಿವಿಯಂತ್ರದಲ್ಲಿ ತುಂಬಿಕೊಂಡು, ಮನೆಯವರ ಮಾತು ಒಂದೂ ತಿಳಿಯದಂತಾಗುತ್ತದೆ. ಸಂಜೆಯಾದರೆ ಹಿರಿಯರು ಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟು ಸುಮ್ಮನೆ ಗೋಡೆ ನೋಡುತ್ತ ಕೂತುಬಿಡುತ್ತಾರಂತೆ. “ಕಂಪ್ಯೂಟರನ್ನು ಗುಜರಿಗೆ ಹಾಕಲೆ, ಮಾವನವರನ್ನು ಒಳಕೋಣೆಗೆ ಕಳಿಸಲೆ?” ಎಂದು ಸೋದರಿಯ ಪ್ರಶ್ನೆ.

ಎರಡೂ ಬೇಡ. ನಾವು ವಿಜ್ಞಾನ ಓದಿದವರಲ್ಲ, ಬಿ.ಎ. ಮುಗಿಸಿ ಸರಕಾರಿ ಕಚೇರಿಯಲ್ಲಿ ಫೈಲು ಕಟ್ಟುವವರು. ಆದರೂ ನಮ್ಮ ಕ್ವಾರ್ಟರ್ಸಿನಲ್ಲಿ ಇಂಥದೇ ಪೆಟ್ಟಿಗೆಯೊಂದರ ಬಾಯಿ ಮುಚ್ಚಿಸಿದ್ದೇವಾದ್ದರಿಂದ ನಾಲ್ಕು ಮಾತು ಹೇಳುವ ಧೈರ್ಯ ಉಂಟು.

ಮೊದಲು ಕೂಗುವವರು ಯಾರೆಂದು ಗೊತ್ತಾಗಬೇಕು. ನಮ್ಮ ಜನ ಇಡೀ ಪೆಟ್ಟಿಗೆಯನ್ನೇ ‘ಸಿ.ಪಿ.ಯು.’ ಎಂದು ಕರೆದು ಮುಗಿಸುತ್ತಾರೆ. ಒಳಗೆ ನೋಡಿದರೆ ಮೂರು ನಾಲ್ಕು ಫ್ಯಾನುಗಳಿರುತ್ತವೆ: ಪ್ರೊಸೆಸರಿನ ಮೇಲೊಂದು, ವಿದ್ಯುತ್ ಒದಗಿಸುವ ಡಬ್ಬಿಯಲ್ಲೊಂದು, ಹಿಂಬದಿಗೊಂದು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೊಂದು. ಪಕ್ಕದ ತಗಡು ತೆಗೆದು, ಈ ಪತ್ರಿಕೆಯನ್ನೇ ಸುರುಳಿ ಸುತ್ತಿ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಫ್ಯಾನಿಗೆ ತಗಲದ ಹಾಗೆ ಒಂದೊಂದರ ಬಳಿಗೂ ಒಯ್ದು ಕೇಳಿ. (ಸಂಪಾದಕರು ಕ್ಷಮಿಸಬೇಕು.) ಇದನ್ನು ಮಾಡದೆ ಕೈಗೆ ಸಿಕ್ಕಿದ ಫ್ಯಾನನ್ನು ಬದಲಿಸಿದರೆ ಹಣ ದಂಡ. ಸಮನಾಗಿ ಕೂಗುವ ಇಬ್ಬರಲ್ಲಿ ಒಬ್ಬನನ್ನು ಸುಮ್ಮನಾಗಿಸಿದರೂ ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಅಷ್ಟಾಗಿ ತಿಳಿಯದು. ಎಲ್ಲರಿಗಿಂತ ಜೋರಾಗಿ ಕೂಗುವವನಿಂದಲೇ ಆರಂಭಿಸಬೇಕು.

ಹಳೆಯ ಪೆಟ್ಟಿಗೆಗಳಲ್ಲಿ ಅವನು ಅನೇಕ ವೇಳೆ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನು. ಕುಂಕುಮದ ಭರಣಿಯ ಮುಚ್ಚಳದಷ್ಟು ಅಗಲದ್ದು. ಚಿಕ್ಕದಾದ್ದರಿಂದ ಸಾಕಷ್ಟು ಗಾಳಿ ಕೊಡಲು ಬಲು ವೇಗವಾಗಿ ಸುತ್ತಬೇಕು. ವರ್ಷಗಳು ಕಳೆದಂತೆ ಬೇರಿಂಗಿನ ಎಣ್ಣೆ ಒಣಗುತ್ತದೆ, ಧೂಳು ಕೂರುತ್ತದೆ, ಆಮೇಲೆ ಕಿರುಗುಟ್ಟುತ್ತದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುವುದೆಂದು ಇಂಜಿನಿಯರುಗಳ ಲೆಕ್ಕ. ದೊಡ್ಡ ಫ್ಯಾನು ನಿಧಾನವಾಗಿ ಸುತ್ತುವುದು, ಚಿಕ್ಕದು ಹುಚ್ಚಾಗಿ ಸುತ್ತುವುದು, ಇವೆರಡರ ಅಂತರ ಇಷ್ಟರಿಂದಲೇ ತಿಳಿಯುತ್ತದೆ.

ಹಾಗಾದರೆ ಫ್ಯಾನನ್ನು ಕಿತ್ತುಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ತಾಳಬೇಕು. ಶಾಖವೆಂಬುದು ಕಚೇರಿಯ ಫೈಲಿದ್ದಂತೆ. ಒಂದು ಮೇಜಿನಿಂದ ಮುಂದಿನ ಮೇಜಿಗೆ ಹೋಗುತ್ತಲೇ ಇರಬೇಕು. ಓಡಾಡುವ ಜವಾನನನ್ನು ತೆಗೆದುಬಿಟ್ಟರೆ ಫೈಲು ಮಾಯವಾಗುವುದಿಲ್ಲ, ಮೊದಲನೆಯ ಮೇಜಿನ ಮೇಲೇ ರಾಶಿ ಬೀಳುತ್ತದೆ. ಕಾರ್ಡಿನ ಚಿಪ್ಪು ಕಾದು, ಪರದೆಯ ಮೇಲೆ ಗೀಟುಗಳೆದ್ದು, ಕೊನೆಗೆ ಯಂತ್ರ ನಿಂತುಹೋಗುತ್ತದೆ. ಜವಾನನಿಲ್ಲದೆ ಕೆಲಸ ಸಾಗಬೇಕಾದರೆ ಫೈಲುಗಳು ಕಡಿಮೆಯಾಗಬೇಕು, ಇಲ್ಲವೆ ಮೇಜು ದೊಡ್ಡದಾಗಬೇಕು.

ಫೈಲು ಕಡಿಮೆ ಮಾಡುವುದೇ ಸುಲಭ. ಪೆಟ್ಟಿಗೆಯ ಹಿಂದೆ, ಕಾರ್ಡಿನದಲ್ಲದ ಇನ್ನೊಂದು ಮಾನಿಟರಿನ ಕಿಂಡಿ ಇದೆಯೇ ನೋಡಿ. ಇದ್ದು, ಪ್ರೊಸೆಸರಿಗೂ ಚಿತ್ರ ಮೂಡಿಸುವ ಶಕ್ತಿಯಿದ್ದರೆ, ಕಾರ್ಡನ್ನೇ ತೆಗೆದಿಟ್ಟು ತಂತಿಯನ್ನು ಅಲ್ಲಿಗೆ ಹಾಕಬಹುದು. ಒಂದು ಪೈ ಖರ್ಚಿಲ್ಲ. ಸೋದರಿಯವರ ಯಂತ್ರದಲ್ಲಿ ಅಂಥ ಕಿಂಡಿಯಿಲ್ಲವೆಂದು ಅವರು ಕಳಿಸಿದ ಚಿತ್ರದಿಂದ ತಿಳಿಯಿತು. ನಮ್ಮದರಲ್ಲೂ ಇರಲಿಲ್ಲ. ಆಗ ಎರಡನೆಯ ದಾರಿ: ಹುಟ್ಟಿನಿಂದಲೇ ಫ್ಯಾನಿಲ್ಲದ, ಕಡಿಮೆ ವಿದ್ಯುತ್ ತಿನ್ನುವ ಕಾರ್ಡು. ಜಿ.ಟಿ. 710 ಎಂಬುದು 19 ವ್ಯಾಟು, 2017ರಲ್ಲಿ ಬಂದ ಜಿ.ಟಿ. 1030 ಎಂಬುದು 30 ವ್ಯಾಟು. ಎರಡರಲ್ಲೂ ಫ್ಯಾನಿಲ್ಲದ ಮಾದರಿಗಳಿವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್‌ಗಳಲ್ಲಿ ಹಳೆಯ ಮಾಲನ್ನಾದರೂ ವಿಚಾರಿಸಬಹುದು. ಓದು, ಲೆಕ್ಕ, ಸಿನಿಮಾ ನೋಡುವುದಕ್ಕೆ ಇದು ಧಾರಾಳ. ಸ್ಕ್ರೂಡ್ರೈವರ್ ಹಿಡಿದು ರೂಢಿಯಿಲ್ಲದವರು ಇಲ್ಲಿಗೇ ನಿಲ್ಲುವುದು ಒಳಿತೆಂದು ನಮ್ಮ ಅಭಿಪ್ರಾಯ.

ನಾವು ಮಾತ್ರ ಮೇಜು ದೊಡ್ಡದು ಮಾಡಿದೆವು. ನಮ್ಮ ಕಾರ್ಡು 50 ವ್ಯಾಟಿನ ಸುಮಾರಿನದು. ಈ ಶತಮಾನದ ಆರಂಭದಲ್ಲಿ ಕೊರಿಯದ ಝಾಲ್ಮನ್ ಕಂಪನಿಯವರು ಕಾರ್ಡಿನ ಎರಡೂ ಮಗ್ಗುಲಿಗೆ ಅಲ್ಯೂಮಿನಿಯಂ ಫಲಕ ಕೂರಿಸಿ, ನಡುವೆ ಶಾಖವೊಯ್ಯುವ ಕೊಳವೆ ಜೋಡಿಸಿದ ಸಾಧನವನ್ನು ಮಾರುತ್ತಿದ್ದರು. ಅಂಥ ಜಾತಿಯದೇ ಒಂದು ನಮಗೆ ಹಳೆಯ ಸಾಮಾನಿನಂಗಡಿಯಲ್ಲಿ ಸಿಕ್ಕಿತು. ಆ ಕೊಳವೆಯ ಕಥೆ ಕೇಳುವಂಥದು. ಅದು ಎರಡೂ ತುದಿ ಮುಚ್ಚಿದ ತಾಮ್ರದ ನಳಿಗೆ. ಒಳಗೆ ಗಾಳಿ ತೆಗೆದು ತುಸುವೇ ನೀರು ಬಿಟ್ಟಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ಆ ನೀರು ಸ್ವಲ್ಪ ಬಿಸಿಗೇ ಹಬೆಯಾಗಿ ತಣ್ಣನೆಯ ತುದಿಗೆ ಓಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗಟ್ಟುವಂತೆ ಅಲ್ಲಿ ಹನಿಗಟ್ಟಿ ಶಾಖವನ್ನು ಒಪ್ಪಿಸಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಕ್ಕೆ ಬರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ಸದ್ದಿಲ್ಲ, ಸವೆತವಿಲ್ಲ, ಸಂಬಳವೂ ಇಲ್ಲ!

ಕೊಳ್ಳುವ ಮುನ್ನ ಚಿಪ್ಪಿನ ಸುತ್ತಲಿನ ರಂಧ್ರಗಳ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಬೇಕು. ಕಾರ್ಡಿನಿಂದ ಕಾರ್ಡಿಗೆ ಇದು ಬೇರೆ. ಪಕ್ಕದ ಜಾಗ ಖಾಲಿಯಿದೆಯೇ ಎಂದೂ ನೋಡಬೇಕು. ಕೂರಿಸುವ ದಿನ ವಿದ್ಯುತ್ತಿನ ತಂತಿ ತೆಗೆದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಳ್ಳತಕ್ಕದ್ದು. ಹಳೆಯ ಲೋಹದ ತುಂಡನ್ನು ಎಳೆಯಬಾರದು. ಮೆಲ್ಲಗೆ ಅತ್ತಿತ್ತ ತಿರುಚಿದರೆ ಒಣಗಿದ ಪೇಸ್ಟು ಬಿಟ್ಟುಕೊಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಥರ್ಮಲ್ ಪೇಸ್ಟನ್ನು ಅಕ್ಕಿಕಾಳಿನಷ್ಟೇ ಇಟ್ಟು, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಮೆಮೊರಿ ಚಿಪ್ಪುಗಳೂ ಫ್ಯಾನಿನ ಗಾಳಿ ಉಂಡವೇ. ಅವಕ್ಕೂ ಪುಟ್ಟ ಲೋಹದ ಟೋಪಿ ಅಂಟಿಸಿದೆವು.

ಇನ್ನೊಂದು ಮಾತು ನಮ್ಮ ದೇಶದವರಿಗೆ ಮುಖ್ಯ. ಕೋಣೆ ಎಷ್ಟು ಡಿಗ್ರಿ ಬಿಸಿಯೇರುವುದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿದೇಶದವರು 20 ಡಿಗ್ರಿಯ ಕೋಣೆಯಲ್ಲಿ ಕೂತು ಫ್ಯಾನೇ ಬೇಡವೆಂದು ಬೀಗಬಹುದು. ನಮ್ಮ ಕೋಣೆಯಲ್ಲಿ ಮೇ ತಿಂಗಳಲ್ಲಿ 34. ಅಲ್ಲದೆ ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆಯಲ್ಲಿ ಕಾರ್ಡು ಬೋರಲಾಗಿ ಮಲಗಿರುತ್ತದೆ. ಬಿಸಿಗಾಳಿ ಅದರಡಿಯಲ್ಲೇ ತಂಗುತ್ತದೆ. ಆದುದರಿಂದ ಸಂಪೂರ್ಣ ಮೌನದ ಹಟ ಹಿಡಿಯದೆ, 120 ಮಿ.ಮೀ. ಅಗಲದ ಫ್ಯಾನೊಂದನ್ನು 12 ವೋಲ್ಟಿನ ಬದಲು 7 ವೋಲ್ಟಿನಲ್ಲಿ ನಿಧಾನವಾಗಿ ಸುತ್ತುವಂತೆ ಪೆಟ್ಟಿಗೆಯ ಮುಂಭಾಗದಲ್ಲಿ ಇಟ್ಟೆವು. ಅರ್ಧ ಗಂಟೆ ಭಾರದ ಕೆಲಸ ಕೊಟ್ಟು, ಶಾಖ ತೋರಿಸುವ ಪ್ರೋಗ್ರಾಮು ನೋಡಿದರೆ 82 ಡಿಗ್ರಿ. 90 ದಾಟಿದರೆ ಕೂಡಲೇ ನಿಲ್ಲಿಸಬೇಕೆಂದು ನಿಶ್ಚಯಿಸಿದ್ದೆವು, ದಾಟಲಿಲ್ಲ. ಕಾರ್ಡಿನ ವೇಗವನ್ನು ಸ್ವಲ್ಪ ತಗ್ಗಿಸಿದ ಮೇಲೆ 76ಕ್ಕೆ ಇಳಿಯಿತು. ಈಗ ರಾತ್ರಿ ಪಕ್ಕದ ಮನೆಯ ಗಡಿಯಾರದ ಗಂಟೆ ಎಣಿಸಬಹುದು.

ಇಷ್ಟು ಹಳೆಯ ಯಂತ್ರಕ್ಕೆ ಈ ಉಪಚಾರವೇ ಎಂದು ನಮ್ಮ ಮನೆಯವರು ಕೇಳಿದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಿಜ. ಆದರೆ ಲಿನಕ್ಸ್ ಹಾಕಿಕೊಂಡು ಇಂಥವು ಇನ್ನೂ ಕೆಲವು ವರ್ಷ ದುಡಿಯುತ್ತವೆ.

ಸೋದರಿಯವರು ಕಾರ್ಡು ಸಿಗುವವರೆಗೆ ಒಂದು ಕೆಲಸ ಮಾಡಲಿ. ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ ಈಚೆಗೆ ಎಳೆದು, ಕೆಳಗೆ ದಪ್ಪ ಕಂಬಳಿಯ ಮಡಿಕೆ ಹಾಕಿ, ಗಾಳಿಯ ಕಿಂಡಿಗಳು ಮುಚ್ಚದಂತೆ ಇಡಲಿ. ಮಾವನವರ ಕುರ್ಚಿಯನ್ನು ಪೆಟ್ಟಿಗೆಗೆ ಬೆನ್ನಾಗುವಂತೆ ತಿರುಗಿಸಲಿ. ಅನೇಕ ಕಿವಿಯಂತ್ರಗಳು ಎದುರಿನ ಮಾತನ್ನೇ ಹೆಚ್ಚು ಹಿಡಿಯುವಂತೆ ಮಾಡಿದವು. ಮನೆಯವರು ಎದುರಿಗೆ ಕೂತು ಮಾತಾಡಿದರೆ ಇಂದಿನಿಂದಲೇ ಸ್ವಲ್ಪ ಗುಣ ಕಂಡೀತು. ಇನ್ನು ಫ್ಯಾನಿಲ್ಲದ ಕಾರ್ಡಿಗೂ ಧೂಳು ತಪ್ಪಿದ್ದಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ವಿದ್ಯುತ್ತು ತೆಗೆದು ಮೆತ್ತನೆಯ ಬ್ರಷ್ಷಿನಿಂದ ತಗಡುಗಳ ಸಂದನ್ನು ಗುಡಿಸಿದರೆ ಸಾಕು. ಒದ್ದೆ ಬಟ್ಟೆ ಮಾತ್ರ ಬೇಡ.